ಮುಚ್ಚಳದ ಬಟ್ಟಲಲ್ಲಿ ಆಟಿಯ ಚಾ

ಚೀನಾದ ಭರಣಿ ನಮ್ಮ ಅಡುಗೆಮನೆಗೆ ಬಂತು. ‘ಚಾ’ ಎಂಬ ಹೆಸರು ನಮ್ಮ ನಾಲಗೆಗೆ ಬಂತು. ಮೂಡುಬಿದಿರೆಯ ಕಲ್ಲಿನಲ್ಲಿ ಡ್ರ್ಯಾಗನ್ ಕೂಡ ಬಂದು ಕುಳಿತಿತು. ಎಲೆಯನ್ನು ಕುದಿಸದೆ ರುಚಿ ತೆಗೆಯುವ ಕೈಗುಣ ಮಾತ್ರ ದಾರಿಯಲ್ಲೇ ಉಳಿಯಿತು. ಜಡಿಮಳೆಯ ಆಟಿ ತಿಂಗಳು ಅದನ್ನು ಕಲಿಯಲು ಒಳ್ಳೆಯ ಹೊತ್ತು.

ಬಂಟ್ವಾಳದಲ್ಲಿ ಆಟಿಯ ಮಳೆ ಹಿಡಿದು ಮೂರು ದಿನವಾಗಿತ್ತು. ನೇತ್ರಾವತಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ ದಡದ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತಿದ್ದಳು. ಇಂಥ ದಿನಗಳಲ್ಲಿ ಇಲ್ಲಿನ ಹಿರಿಯರ ಬಾಯಲ್ಲಿ ಎರಡೇ ಇಸವಿ: 1923 ಮತ್ತು 1974. ಮೊದಲನೆಯದು ‘ಮಾರಿಬೊಳ್ಳ’ ಎಂಬ ದೊಡ್ಡ ನೆರೆ, ಅವರು ಕೇಳಿ ತಿಳಿದದ್ದು. ಎರಡನೆಯ ನೆರೆ ಕಣ್ಣಾರೆ ಕಂಡದ್ದು.

ದೊಡ್ಡಮ್ಮ ಕಿಟಕಿಯಲ್ಲಿ ಇಣುಕಿ ತೋಡಿನ ನೀರು ಎಲ್ಲಿವರೆಗೆ ಬಂತೆಂದು ನೋಡಿದರು. ತಿರುಗುವಾಗ ಮೇಜಿನ ಮೇಲಿದ್ದ ಬಿಳಿ ಬಟ್ಟಲು ಕಣ್ಣಿಗೆ ಬಿತ್ತು. ಅಂಗೈಯಲ್ಲಿ ಕೂರುವಷ್ಟು ಸಣ್ಣದು. ಕೆಳಗೊಂದು ತಟ್ಟೆ, ಮೇಲೊಂದು ಮುಚ್ಚಳ.

“ಇದೆಂತ ಮಗಾ, ದೇವರ ಕೋಣೆಗೆ ತಂದದ್ದಾ?”

“ಅಲ್ಲ ದೊಡ್ಡಮ್ಮ, ಚಾ ಮಾಡ್ಲಿಕ್ಕೆ.”

“ಇದರಲ್ಲಾ? ಒಬ್ಬರಿಗೇ ಸಾಕಾಗ್ಲಿಕ್ಕಿಲ್ಲ!”

ಹಡಗಿನಲ್ಲಿ ಕೆಲಸ ಮಾಡುವ ಭಾವ ಚೀನಾದ ಶಿಯಾಮೆನ್ ಬಂದರಿನಿಂದ ತಂದುಕೊಟ್ಟ ಬಟ್ಟಲು ಅದು. ಹೆಸರು ಗೈವಾನ್. ‘ಗೈ’ ಎಂದರೆ ಮುಚ್ಚಳ, ‘ವಾನ್’ ಎಂದರೆ ಬಟ್ಟಲು. ನಮ್ಮಲ್ಲಿ ಮುಚ್ಚಳದ ಬಟ್ಟಲು ಎಂದರೆ ಯಾರಿಗೂ ಅರ್ಥವಾದೀತು. ಜೊತೆಗೆ ಒಂದು ಸಣ್ಣ ಪೊಟ್ಟಣ ಎಲೆಯನ್ನೂ ಕೊಟ್ಟಿದ್ದ. ಒಣಗಿದ ಕಾಳಿನಂತೆ ಮುದುಡಿ ಉಂಡೆಯಾಗಿದ್ದ ಎಲೆ. ಅಲ್ಲೇ ಹತ್ತಿರದ ಆನ್‌ಶಿ ಎಂಬಲ್ಲಿ ಬೆಳೆಯುವ ತಿಯೆಗುವಾನ್‌ಯಿನ್, ಊಲಾಂಗ್ ಜಾತಿಯದು.

ದೊಡ್ಡಮ್ಮ ಒಂದು ಕಾಳನ್ನು ಬೆರಳಲ್ಲಿ ಹಿಡಿದು ನೋಡಿದರು. “ಒಳ್ಳೆಮೆಣಸಿನ ಹಾಗೇ ಉಂಟಲ್ಲ” ಎಂದರು.

ಅವರು ಆ ಮಾತನ್ನು ಸುಮ್ಮನೆ ಹೇಳಿದ್ದು. ಆದರೆ ಈ ಬಟ್ಟಲಿಗೂ ನಮ್ಮ ಊರಿಗೂ ನಡುವಿನ ಹಳೆಯ ನಂಟು ಆ ಒಳ್ಳೆಮೆಣಸಿನದ್ದೇ.

ಕಲ್ಲಿನಲ್ಲಿ ಕುಳಿತ ಡ್ರ್ಯಾಗನ್

ಬಂಟ್ವಾಳದಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಗಂಟೆಯೊಂದರ ದಾರಿ. ಅಲ್ಲಿನ ಹದಿನೆಂಟು ಬಸದಿಗಳಲ್ಲಿ ದೊಡ್ಡದು ತ್ರಿಭುವನ ತಿಲಕ ಚೂಡಾಮಣಿ ಬಸದಿ, ಜನರ ಬಾಯಲ್ಲಿ ಸಾವಿರ ಕಂಬದ ಬಸದಿ. ಕಟ್ಟಿದ್ದು 1430ರಲ್ಲಿ. ಕೆಳಗೆ ಕಲ್ಲು, ಮೇಲಿನ ಅಂತಸ್ತುಗಳು ಮರ. ನಮ್ಮ ಮಳೆಯನ್ನು ಬಲ್ಲ ಇಳಿಜಾರು ಮಾಡು.

ಆ ಬಸದಿಯ ಭೈರಾದೇವಿ ಮಂಟಪದ ತಳಗಲ್ಲಿನ ಸಾಲುಗಳನ್ನು ನೋಡುತ್ತಾ ಹೋದರೆ ಆನೆ, ಕುದುರೆಗಳ ನಡುವೆ ಒಂದು ಉದ್ದ ಕತ್ತಿನ ಪ್ರಾಣಿ ಸಿಗುತ್ತದೆ. ಜಿರಾಫೆ. ಇನ್ನೊಂದು ಕಡೆ ಮೈ ಹೊರಳಿಸಿಕೊಂಡ ಡ್ರ್ಯಾಗನ್. ಯಾರಾದರೂ ಬೆರಳಿಟ್ಟು ತೋರಿಸದಿದ್ದರೆ ಕಣ್ಣಿಗೆ ಬೀಳುವುದು ಕಷ್ಟ. ನಾನು ಚಿಕ್ಕಂದಿನಲ್ಲಿ ಎಷ್ಟೋ ಸಲ ಆ ಕಲ್ಲಿನ ಪಕ್ಕದಲ್ಲೇ ಕುಳಿತು ಬುತ್ತಿ ಬಿಚ್ಚಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ.

ಕರಾವಳಿಯ ಶಿಲ್ಪಿಗೆ ಆಫ್ರಿಕಾದ ಪ್ರಾಣಿಯೂ ಚೀನಾದ ಪ್ರಾಣಿಯೂ ಒಟ್ಟಿಗೆ ಹೊಳೆದದ್ದು ಹೇಗೆ? ಕಾಲ ನೋಡಿದರೆ ಉತ್ತರದ ದಿಕ್ಕು ಕಾಣುತ್ತದೆ. 1405ರಿಂದ 1433ರವರೆಗೆ ಚೀನಾದ ನೌಕಾಧಿಪತಿ ಝೆಂಗ್ ಹೆ ಏಳು ಬಾರಿ ದೊಡ್ಡ ಹಡಗುಪಡೆ ಕಟ್ಟಿಕೊಂಡು ಹಿಂದೂ ಮಹಾಸಾಗರಕ್ಕೆ ಬಂದಿದ್ದ. ಅವನ ಮುಖ್ಯ ತಂಗುದಾಣ ಕೋಝಿಕ್ಕೋಡು, ಅಂದಿನ ಕಲ್ಲಿಕೋಟೆ. ಅದೇ ವರ್ಷಗಳಲ್ಲಿ ಜಿರಾಫೆಯೂ ಚೀನಾಕ್ಕೆ ಪ್ರಯಾಣ ಮಾಡಿತ್ತು. 1414ರಲ್ಲಿ ಬಂಗಾಳದ ಸುಲ್ತಾನ ಕಳಿಸಿದ ಜಿರಾಫೆಯನ್ನು ಮಿಂಗ್ ಆಸ್ಥಾನದವರು ತಮ್ಮ ಪುರಾಣದ ಮಂಗಳಕರ ಪ್ರಾಣಿಯೇ ಬಂತೆಂದು ಬರಮಾಡಿಕೊಂಡರು.

ಚೀನಾದ ಹಡಗು ಈ ಕಡಲಿಗೆ ಹೊಸದಂತೂ ಆಗಿರಲಿಲ್ಲ. ಝೆಂಗ್ ಹೆಗಿಂತ ಸುಮಾರು 60 ವರ್ಷ ಮೊದಲು ಬಂದ ಯಾತ್ರಿಕ ಇಬ್ನ್ ಬತೂತ, ಕಲ್ಲಿಕೋಟೆಯಲ್ಲಿ 13 ಚೀನೀ ಹಡಗುಗಳು ಲಂಗರು ಹಾಕಿದ್ದನ್ನು ಕಂಡವನು. ಆ ಹಡಗುಗಳು ಕೊಲ್ಲಂ, ಕಲ್ಲಿಕೋಟೆ ಮತ್ತು ಹಿಲಿ ಬಂದರುಗಳಿಗೆ ಮಾತ್ರ ಹೋಗುತ್ತವೆ ಎಂದು ಬರೆದಿದ್ದಾನೆ. ಹಿಲಿ ಎಂದರೆ ಏಳಿಮಲೆ, ಕಾಸರಗೋಡಿನಿಂದ ಸ್ವಲ್ಪ ತೆಂಕಿಗೆ. ಮಂಗಳೂರಿನಲ್ಲಿ ಅವನು ಕಂಡದ್ದು ಪರ್ಷಿಯಾ, ಯೆಮನ್ ವರ್ತಕರನ್ನು ಮತ್ತು ಹೇರಳ ಒಳ್ಳೆಮೆಣಸು, ಶುಂಠಿಯನ್ನು.

ಚೀನಾದವರು ಬಂದದ್ದೂ ಆ ಮೆಣಸಿಗಾಗಿಯೇ. ಘಟ್ಟದ ತಪ್ಪಲಲ್ಲಿ ಬೆಳೆದದ್ದು ಹೊಳೆ ಹಿಡಿದು ಕಡಲಿಗೆ ಇಳಿಯುತ್ತಿತ್ತು. ಬಂಟ್ವಾಳದಂಥ ಪೇಟೆಗಳು ಹುಟ್ಟಿದ್ದು ಈ ಇಳಿದಾರಿಯಲ್ಲಿ: ಮೇಲಿನಿಂದ ಬಂದ ಸರಕನ್ನು ದೋಣಿಗೆ ಹೇರುವ ಜಾಗ. ಬದಲಿಗೆ ಆ ಕಡೆಯಿಂದ ಬಂದದ್ದು ರೇಷ್ಮೆ ಮತ್ತು ಪಿಂಗಾಣಿ. ಹಂಪಿಯ ನೆಲ ಅಗೆದಾಗ ನೀಲಿ-ಬಿಳಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಮೂಡುಬಿದಿರೆಯ ಬಸದಿ ಏಳುವಾಗ ಹಂಪಿಯ ಸಿಂಹಾಸನದಲ್ಲಿದ್ದವನು ಇಮ್ಮಡಿ ದೇವರಾಯ. ತುಳುನಾಡು ಅವನ ರಾಜ್ಯದ ಕಡಲ ಬಾಗಿಲು.

ಹತ್ತೊಂಬತ್ತನೆಯ ಶತಮಾನದಲ್ಲಿ ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ಮೂಡುಬಿದಿರೆಯ ಕಟ್ಟಡಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದ್ದ. ಮೂಡುಬಿದಿರೆಯ ಬದಿಯ ಕೊಡಂಗಲ್ಲಿನ ಜೈನ ಸಮಾಧಿಗಳು ಮಾಡಿನ ಮೇಲೆ ಮಾಡು ಇಟ್ಟ ಪಗೋಡದ ಹಾಗೇ ಕಾಣುತ್ತವೆ. ಅದು ಚೀನಾದ ಪ್ರಭಾವ ಎಂದು ನಾನು ಹೇಳಲಾರೆ. ಜೋರು ಮಳೆಯ ನಾಡುಗಳು ಒಂದೇ ರೀತಿಯ ಮಾಡನ್ನು ತಾವಾಗಿ ಕಂಡುಕೊಳ್ಳಬಹುದು. ಡ್ರ್ಯಾಗನ್ ಹಾಗಲ್ಲ. ಅದನ್ನು ಶಿಲ್ಪಿ ಯಾವುದೋ ಬಟ್ಟೆಯ ಮೇಲೋ ಪಾತ್ರೆಯ ಮೇಲೋ ಕಂಡೇ ಕಲ್ಲಿಗೆ ಇಳಿಸಿರಬೇಕು. ಪಾತ್ರೆಯ ಮೇಲೆ ಕಂಡಿದ್ದನೆಂದೇ ನನ್ನ ಊಹೆ.

ಎಲ್ಲ ಬಂತು, ಎಲೆಯೊಂದು ಬಿಟ್ಟು

ನಮ್ಮ ಮನೆಗಳ ಅಟ್ಟದ ಮೂಲೆಯಲ್ಲಿ ಒಂದು ಭರಣಿ ಇದ್ದೇ ಇರುತ್ತದೆ. ಕಂದು-ಬಿಳಿ ಮೈ, ದಪ್ಪ ಕಂಠ, ಬಾಯಿಗೆ ಕಟ್ಟಿದ ಹಳೆ ಬೈರಾಸಿನ ತುಂಡು. ಒಳಗೆ ಮಾವಿನಮಿಡಿಯ ಉಪ್ಪಿನಕಾಯಿ, ಇಲ್ಲವೇ ಆಟಿಗೆಂದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಇಂದು ಅವು ನಮ್ಮ ದೇಶದ ಕಾರ್ಖಾನೆಗಳಲ್ಲೇ ಆಗುತ್ತವೆ. ಆದರೂ ಅಜ್ಜಿಯಂದಿರ ಬಾಯಲ್ಲಿ ಅದು ‘ಚೀನಾ ಭರಣಿ’.

ಉಪ್ಪು, ಹುಳಿ ಎರಡೂ ತಾಮ್ರ ಹಿತ್ತಾಳೆಯನ್ನು ತಿನ್ನುತ್ತವೆ. ಗಾಜಿನಂಥ ಹೊಳಪು ಲೇಪನದ ಪಿಂಗಾಣಿಯನ್ನು ತಿನ್ನಲಾರವು. ವರ್ಷಗಟ್ಟಲೆ ಇಟ್ಟರೂ ಭರಣಿ ವಾಸನೆ ಹೀರುವುದಿಲ್ಲ, ತನ್ನ ವಾಸನೆ ಬಿಡುವುದೂ ಇಲ್ಲ. ಗೈವಾನಿನ ಇಡೀ ಗುಟ್ಟು ಕೂಡ ಇದೇ. ಮಣ್ಣಿನ ಟೀಪಾತ್ರೆ ನಿನ್ನೆಯ ಎಲೆಯ ನೆನಪು ಇಟ್ಟುಕೊಳ್ಳುತ್ತದೆ. ಪಿಂಗಾಣಿ ಇಂದಿನ ಎಲೆಯನ್ನಷ್ಟೇ ತೋರಿಸುತ್ತದೆ.

ಪಿಂಗಾಣಿಯ ಜೇಡಿಗೆ ಕೇಯೋಲಿನ್ ಎಂಬ ಹೆಸರು ಬಂದದ್ದು ಚೀನಾದ ಜಿಂಗ್‌ಡೆಝೆನ್ ಪಟ್ಟಣದ ಬಳಿಯ ಗಾವೊಲಿಂಗ್ ಎಂಬ ಗುಡ್ಡದಿಂದ. ಆ ಜೇಡಿಗೆ ಒಂದು ಬಗೆಯ ಕಲ್ಲಿನ ಹುಡಿ ಬೆರೆಸಿ ಸುಮಾರು 1,300 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಟ್ಟರೆ ಪಿಂಗಾಣಿ. ನಮ್ಮ ಮುರಕಲ್ಲಿನ ಪದರ ಮುಗಿದ ಮೇಲೆ, ಬಾವಿ ತೋಡುವಾಗ ಸಿಗುವ ನುಣುಪು ಶೇಡಿ ಮಣ್ಣಿನಲ್ಲೂ ಮುಖ್ಯವಾಗಿ ಇರುವುದು ಕೇಯೋಲಿನೈಟ್ ಎಂಬ ಅದೇ ಖನಿಜ. ಮಳೆಗಾಲದಲ್ಲಿ ಗುಡ್ಡ ಜರಿದಾಗ ನಾವು ಶಪಿಸುವ ಮಣ್ಣು ಅದು. ಬಟ್ಟಲು ಕೈಗೆ ಬಂದ ದಿನ ನನಗೆ ಇದು ಹೊಳೆದು, ಅಂಗಳದ ಬದಿಯ ದರೆಯಿಂದ ಒಂದು ಮುದ್ದೆ ಶೇಡಿ ತಂದು ಬಟ್ಟಲ ಪಕ್ಕ ಇಟ್ಟು ನೋಡಿದೆ. ಒಂದೇ ಕುಲದವರು, ಬೆಂಕಿ ಕಂಡವನೊಬ್ಬ, ಕಾಣದವನೊಬ್ಬ.

ಇನ್ನು ಹೆಸರು. ಬೆಂಗಳೂರು ಮೈಸೂರಿನಲ್ಲಿ ಟೀ. ನಮ್ಮಲ್ಲಿ ಚಾ. ತುಳುವಿನಲ್ಲಿ ಚಾ, ಕೊಂಕಣಿಯಲ್ಲಿ ಚಾ, ಬ್ಯಾರಿಗಳ ಮನೆಯಲ್ಲಿ ಚಾಯ. ಜಗತ್ತಿನ ಹೆಚ್ಚಿನ ಭಾಷೆಗಳಲ್ಲಿ ಈ ಪೇಯಕ್ಕೆ ಎರಡೇ ಹೆಸರು, ಎರಡೂ ಚೀನಾದ್ದು. ಫುಜಿಯನ್ ಕರಾವಳಿಯವರು ‘ತೆ’ ಎನ್ನುತ್ತಿದ್ದರು, ಡಚ್ ವರ್ತಕರು ಅದನ್ನು ಯುರೋಪಿಗೆ ಒಯ್ದರು, ಅಲ್ಲಿಂದ ಇಂಗ್ಲಿಷಿನ ಟೀ. ಚೀನಾದ ಉಳಿದ ಬಹುಪಾಲು ಕಡೆ ‘ಚಾ’. ಅದು ನೆಲದ ದಾರಿಯಲ್ಲಿ ಪರ್ಷಿಯಾಕ್ಕೆ, ಹಿಂದೂಸ್ತಾನಕ್ಕೆ ನಡೆದು ಬಂತು. ಮಕಾವಿನಲ್ಲಿ ನೆಲೆಯೂರಿದ ಪೋರ್ಚುಗೀಸರು ಕಡಲಿನವರಾದರೂ ‘ಚಾ’ ಎಂದೇ ಕಲಿತರು. ಆ ಪೋರ್ಚುಗೀಸರು ಮಂಗಳೂರಿನಲ್ಲಿ 1568ರಲ್ಲಿ ಕೋಟೆ ಕಟ್ಟಿದವರು.

ಎರಡು ದಾರಿಯಲ್ಲಿ ಯಾವುದು ಹಿಡಿದು ಬಂದರೂ, ‘ಚಾ ಕುಡಿಯುವ’ ಎಂದು ನಾವು ಕರೆಯುವಾಗ ಉಚ್ಚರಿಸುವುದು ಚೀನೀ ಶಬ್ದವನ್ನು, ಬಹುತೇಕ ಅವರು ಹೇಳಿದ ಹಾಗೆಯೇ.

ಎಲೆ ಮಾತ್ರ ಆ ಹಡಗುಗಳಿಂದ ನಮ್ಮ ಅಡುಗೆಮನೆಗೆ ಇಳಿಯಲಿಲ್ಲ. ಬಂದವರಿಗೆ ಬೆಲ್ಲ-ನೀರು ಕೊಡುವ ನಾಡು ಇದು. ಬಾಯಾರಿಕೆಗೆ ಮಜ್ಜಿಗೆ, ಚಳಿಗೆ ಕೊತ್ತಂಬರಿ-ಜೀರಿಗೆಯ ಕಷಾಯ. ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಂ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತು ಸಂಗ್ರಹಾಲಯಕ್ಕೆ ಹೋದರೆ ಈ ಹಳೆಯ ಅಡುಗೆಮನೆ ಕಣ್ಣಮುಂದೆ ನಿಲ್ಲುತ್ತದೆ. ಅಲ್ಲಿನ ಮಣ್ಣು, ಮರ, ಕಂಚಿನ ಸಾಮಾನುಗಳ ನಡುವೆ ನಡೆಯುವಾಗ ಚಾ ನಮ್ಮ ಬದುಕಿಗೆ ಎಷ್ಟು ಈಚಿನದು ಎಂದು ಮನಸ್ಸಿಗೆ ನಾಟುತ್ತದೆ.

ನಮಗೆ ಚಾ ಕಲಿಸಿದವರು ಇಂಗ್ಲಿಷರು. ಅಸ್ಸಾಮಿನ ತೋಟಗಳ ಬೆಳೆ ಹೆಚ್ಚಿದಾಗ ಕುಡಿಯುವವರು ಬೇಕಾದರು. 1903ರಲ್ಲಿ ಟೀ ರಫ್ತಿನ ಮೇಲೆ ಸೆಸ್ ಹಾಕಿ, ಆ ಹಣದಲ್ಲಿ ಪ್ರಚಾರ ಶುರುವಾಯಿತು. ಹಾಲು, ಸಕ್ಕರೆ ಆಗಲೇ ಬಂದಿದ್ದವು. 1930ರ ಸುಮಾರಿಗೆ ಅಸ್ಸಾಮಿನಲ್ಲಿ ವಿಲಿಯಂ ಮೆಕರ್ಚರ್ ಸಿ.ಟಿ.ಸಿ. ಯಂತ್ರ ತಂದ: ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಸಣ್ಣ ಕಾಳಾಗಿಸುವ ಯಂತ್ರ. ನಮ್ಮ ಚಾಪುಡಿ ಹುಟ್ಟಿದ್ದು ಅಲ್ಲಿ. ಅದು ಬೇಗ ಬಣ್ಣ ಬಿಡುತ್ತದೆ, ಕುದಿಸಿದರೆ ಒಗರು ಏರುತ್ತದೆ, ಆ ಒಗರನ್ನು ಹಾಲಿನ ಪ್ರೋಟೀನು ಹಿಡಿದು ಮೆದುಗೊಳಿಸುತ್ತದೆ.

ಆ ಚಾವನ್ನು ನಾನು ಹಗುರ ಮಾಡುವುದಿಲ್ಲ. ಉಜಿರೆಯ ಬಸ್ ನಿಲ್ದಾಣದ ಬದಿಯ ಹೋಟೆಲಿನಲ್ಲಿ ಮಳೆಗೆ ನೆನೆದು ಬಂದವನಿಗೆ ಬಿಸಿ ಗೋಳಿಬಜೆಯ ಜೊತೆ ಸಿಗುವ ಖಡಕ್ ಚಾಕ್ಕೆ ಸಾಟಿ ಯಾವುದೂ ಇಲ್ಲ. ಅದು ಒಂದು ಪೇಯ, ಇದು ಇನ್ನೊಂದು.

ಮೂರು ತುಂಡು, ಮೂರು ಲೋಕ
*ಗೈವಾನಿನ ಮುಚ್ಚಳ ಆಕಾಶ, ಕೆಳಗಿನ ತಟ್ಟೆ ಭೂಮಿ, ನಡುವಿನ ಬಟ್ಟಲು ಮನುಷ್ಯ ಎಂದು ಚೀನೀಯರು ಹೇಳುತ್ತಾರೆ. ತಟ್ಟೆಯ ಹುಟ್ಟಿಗೂ ಒಂದು ಕಥೆ ಇದೆ. ಟಾಂಗ್ ಅರಸರ ಕಾಲದಲ್ಲಿ ಚೆಂಗ್ಡುವಿನ ಅಧಿಕಾರಿ ಚುಯಿ ನಿಂಗ್ ಎಂಬವನ ಮಗಳು ಬಿಸಿ ಬಟ್ಟಲು ಹಿಡಿಯಲಾಗದೆ, ತಟ್ಟೆಯಲ್ಲಿ ಮೇಣದ ಬಳೆ ಮಾಡಿ ಅದರೊಳಗೆ ಬಟ್ಟಲು ಕೂರಿಸಿದಳಂತೆ. ಅದೇ ಮುಂದೆ ತಟ್ಟೆಯ ನಡುವಿನ ಗುಳಿಯಾಯಿತು.*

ಒಂದು ಆಜ್ಞೆ, ಒಂದು ಬಟ್ಟಲು

ಚೀನಾದಲ್ಲೂ ಮೊದಲಿಗೆ ಚಾ ಕುದಿಸುತ್ತಿದ್ದರು. ಎಂಟನೆಯ ಶತಮಾನದಲ್ಲಿ ಚಾದ ಮೊದಲ ಶಾಸ್ತ್ರಗ್ರಂಥ ಬರೆದ ಲು ಯು, ಒತ್ತಿ ಅಚ್ಚು ಮಾಡಿದ ಎಲೆಯನ್ನು ಹುಡಿ ಮಾಡಿ, ಕುದಿಯುವ ನೀರಿಗೆ ಉಪ್ಪಿನ ಜೊತೆ ಹಾಕುವ ಕ್ರಮ ಹೇಳುತ್ತಾನೆ. ಅವನ ಕಾಲದ ಜನ ಶುಂಠಿ, ಕಿತ್ತಳೆ ಸಿಪ್ಪೆಯನ್ನೂ ಸೇರಿಸುತ್ತಿದ್ದರು. ನಮ್ಮ ಶುಂಠಿ ಚಾ ಎಷ್ಟು ಹಳೆಯ ಕುಲದ್ದು ನೋಡಿ. ಸಾಂಗ್ ಅರಸರ ಕಾಲದಲ್ಲಿ ನುಣ್ಣನೆಯ ಹುಡಿಯನ್ನು ಬಟ್ಟಲಲ್ಲೇ ಕಡೆದು ನೊರೆ ಎಬ್ಬಿಸುತ್ತಿದ್ದರು. ಆ ಪದ್ಧತಿ ಜಪಾನಿಗೆ ಹೋಗಿ ಅಲ್ಲಿ ಉಳಿಯಿತು.

1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ, ಹಾಂಗ್ವು, ಅರಮನೆಗೆ ಅಚ್ಚಿನ ಚಾ ಕಪ್ಪವಾಗಿ ತರುವುದನ್ನು ನಿಲ್ಲಿಸಿದ. ಬಡ ರೈತನ ಮನೆಯಲ್ಲಿ ಹುಟ್ಟಿದವನು ಅವನು. ಅಚ್ಚು ಮಾಡುವ ಕೆಲಸ ಜನರನ್ನು ಎಷ್ಟು ಹಿಂಡುತ್ತದೆಂದು ತಿಳಿದಿದ್ದ. ಇನ್ನು ಬಿಡಿ ಎಲೆ ತನ್ನಿ ಎಂದ. ಹುಡಿಯ ಕಾಲ ಹಿಂದೆ ಸರಿದು, ಎಲೆಯ ಮೇಲೆ ಬಿಸಿನೀರು ಹೊಯ್ದು ಸೋಸಿ ಕುಡಿಯುವ ಕಾಲ ಬಂತು. ಎಲೆ ಬಾಯಿಗೆ ಬಾರದಂತೆ ತಡೆಯಲು ಮುಚ್ಚಳ ಬೇಕಾಯಿತು. ಗೈವಾನ್ ರೂಪ ತಾಳಿದ್ದು ಈ ಮಿಂಗ್ ಕಾಲದಲ್ಲಿ, ಮನೆಮಾತಾದದ್ದು ನಂತರದ ಚಿಂಗ್ ಕಾಲದಲ್ಲಿ.

ಮೂಡುಬಿದಿರೆಯ ಬಸದಿ ಎದ್ದದ್ದು ಆ ಆಜ್ಞೆಯ 39 ವರ್ಷಗಳ ನಂತರ. ಶಿಲ್ಪಿಯ ಉಳಿಯೂ ಚಾದ ಹೊಸ ಪದ್ಧತಿಯೂ ಒಂದೇ ಕಾಲದವು. ಕಲ್ಲಿಕೋಟೆಯ ದಡದಲ್ಲಿ ಹಡಗಿನ ಚೀನೀಯನೊಬ್ಬ ಬಿಡಿ ಎಲೆಗೆ ನೀರು ಹೊಯ್ದು ಕುಡಿಯುತ್ತಿರುವಾಗ, ಮೆಣಸಿನ ಮೂಟೆ ಇಳಿಸಿದ ನಮ್ಮವನೊಬ್ಬ ನಿಂತು ನೋಡಿರಬಹುದೆಂದು ಕಲ್ಪಿಸಿಕೊಳ್ಳುತ್ತೇನೆ. ಕೇಳಿದ್ದರೆ ಅವನಿಗೂ ಒಂದು ಗುಟುಕು ಸಿಗುತ್ತಿತ್ತು.

ಮುಚ್ಚಳದ ಮಾತು
*ಸಿಚುವಾನಿನ ಚೆಂಗ್ಡು ನಗರದಲ್ಲಿ ಇಂದಿಗೂ ಟೀ ಅಂಗಡಿ ಎಂದರೆ ಬಿದಿರು ಕುರ್ಚಿ ಮತ್ತು ಗೈವಾನ್. ಅಲ್ಲಿ ಬಟ್ಟಲಿನಿಂದಲೇ ನೇರ ಕುಡಿಯುತ್ತಾರೆ, ಮುಚ್ಚಳದ ಅಂಚಿನಿಂದ ಎಲೆಯನ್ನು ಆಚೆ ತಳ್ಳುತ್ತಾ. ಮುಚ್ಚಳವನ್ನು ತಟ್ಟೆಗೆ ಒರಗಿಸಿಟ್ಟರೆ ‘ನೀರು ಹೊಯ್ಯಿ’ ಎಂದು ಅರ್ಥ. ಕುರ್ಚಿಯ ಮೇಲೆ ಇಟ್ಟು ಹೋದರೆ ‘ಈಗ ಬರುತ್ತೇನೆ, ಜಾಗ ನನ್ನದು’.*

ಹತ್ತು ಎಣಿಸುವಷ್ಟರಲ್ಲಿ

ಆ ದಿನಕ್ಕೆ ಮರಳುತ್ತೇನೆ. ಬಾವಿಯ ನೀರು ಕುದಿಯುತ್ತಿತ್ತು. ನಮ್ಮ ಮುರಕಲ್ಲಿನ ಬಾವಿಯ ನೀರು ಮೆದು, ಸುಣ್ಣದ ಅಂಶ ಕಡಿಮೆ. ಗಡಸು ನೀರಿನಲ್ಲಿ ಚಾದ ಮೇಲೆ ಕೆನೆಯಂತೆ ಏಳುವ ಮಂಕು ಪೊರೆ ಇದರಲ್ಲಿ ಏಳುವುದಿಲ್ಲ. ಒಳ್ಳೆಯ ಎಲೆಗೆ ಇದಕ್ಕಿಂತ ಬೇರೆ ನೀರು ಹುಡುಕಬೇಕಾಗಿಲ್ಲ.

ಮೊದಲು ಬರಿ ಬಟ್ಟಲಿಗೆ ಬಿಸಿನೀರು ಹೊಯ್ದು ಚೆಲ್ಲಿದೆ. ಬೆಚ್ಚಗಾದ ಬಟ್ಟಲಿಗೆ ಎಲೆ. ಮುಚ್ಚಳ ಹಾಕಿ ಎರಡು ಸಲ ಕುಲುಕಿ ತೆರೆದಾಗ ಪರಿಮಳ ಎದ್ದಿತು.

ದೊಡ್ಡಮ್ಮ ಮೂಗು ತಂದರು. “ಕೇದಗೆಯಾ?” ಎಂದರು. ಮತ್ತೊಮ್ಮೆ ಮೂಸಿ, “ಅಲ್ಲ, ಬೇರೆ ಎಂತದೋ ಹೂವು” ಎಂದರು. ಹೂವು ಹಾಕಿಲ್ಲ, ಎಲೆಯದ್ದೇ ವಾಸನೆ ಎಂದರೆ ನಂಬಲಿಲ್ಲ.

ಮೊದಲ ನೀರನ್ನು ಎಲೆ ತೊಳೆಯಲೆಂದು ಕೂಡಲೇ ಬಸಿದೆ. ಮತ್ತೆ ನೀರು. ಮುಚ್ಚಳವನ್ನು ಸ್ವಲ್ಪ ಓರೆ ಮಾಡಿ, ನೂಲಿನಷ್ಟು ಸಂದು ಬಿಟ್ಟೆ. ಹೆಬ್ಬೆರಳು, ನಡುಬೆರಳು ಅಂಚಿಗೆ. ತೋರುಬೆರಳು ಮುಚ್ಚಳದ ಗುಬ್ಬಿಯ ಮೇಲೆ. ಬಟ್ಟಲಿನ ಅಂಚು ಹೊರಕ್ಕೆ ಬಾಗಿರುವುದು ಅಂದಕ್ಕಲ್ಲ, ನೀರು ಮುಟ್ಟದ ಆ ಅಂಚು ಅಷ್ಟಾಗಿ ಸುಡುವುದಿಲ್ಲ ಎಂದು.

ಇದು ಬೇಗ ಕೈಗೆ ಬರುವ ವಿದ್ಯೆಯಲ್ಲ. ಮೊದಲ ವಾರ ಬಟ್ಟಲನ್ನು ಕಂಠದವರೆಗೆ ತುಂಬಿಸಿ, ಹೆಬ್ಬೆರಳ ತುದಿ ಸುಟ್ಟು ಬೊಬ್ಬೆ ಎದ್ದಿತ್ತು. ಎರಡನೆಯ ವಾರ ಹೆದರಿ ನಿಧಾನಕ್ಕೆ ಬಗ್ಗಿಸಿ, ನೀರು ಮುಂಗೈಗೆ ಹರಿಯಿತು. ಬೆರಳಿನ ಅಗಲ ಜಾಗ ಬಿಟ್ಟು ತುಂಬಿಸಬೇಕು, ಬಗ್ಗಿಸುವಾಗ ಅನುಮಾನಿಸದೆ ಒಮ್ಮೆಗೇ ಬಗ್ಗಿಸಬೇಕು ಎಂದು ತಿಳಿಯಲು ಅಷ್ಟು ದಿನ ಹಿಡಿಯಿತು.

ಹತ್ತು ಎಣಿಸಿದೆ. ಬಸಿದೆ. ಒಂದು ಹನಿಯೂ ಉಳಿಯದ ಹಾಗೆ.

ಈ ಕಡೆಯ ಮಾತೇ ಮುಖ್ಯ. ಎಲೆ ನೀರಿನಲ್ಲಿ ನಿಂತಷ್ಟೂ ಕಹಿ, ಒಗರು ಹೊರಡುತ್ತವೆ. ಪರಿಮಳ, ಸಿಹಿ ಬೇಗ ಹೊರಡುವವು, ಒಗರು ಹಿಂದಿನಿಂದ ಬರುವುದು. ಎಲೆ ಹೆಚ್ಚು, ನೀರು ಕಡಿಮೆ, ಹೊತ್ತು ತೀರಾ ಕಡಿಮೆ ಇಟ್ಟುಕೊಂಡರೆ ಒಗರು ಬಾಗಿಲಿಗೆ ಬರುವ ಮೊದಲೇ ನೀರು ಹೊರಗಿರುತ್ತದೆ. ಮತ್ತೆ ಹೊಯ್ದರೆ ಎಲೆ ಇನ್ನಷ್ಟು ಬಿಚ್ಚಿ ಮತ್ತೊಂದು ರುಚಿ ಕೊಡುತ್ತದೆ. ಎರಡನೆಯದು ಹದಿನೈದು ಎಣಿಕೆ, ಮೂರನೆಯದು ಇಪ್ಪತ್ತು. ಹೀಗೆ ಆರೇಳು ಸಲ. ಅರ್ಧ ಲೋಟದ ಈ ಬಟ್ಟಲಿನಿಂದ ಅರ್ಧ ಲೀಟರಿಗೂ ಹೆಚ್ಚು ಚಾ ಬರುತ್ತದೆ, ದೊಡ್ಡಮ್ಮನ ಲೆಕ್ಕ ತಪ್ಪಿದ್ದು ಅಲ್ಲಿ.

ಮೊದಲ ಗುಟುಕಿಗೆ ಅವರು ಮುಖ ಗಂಟಿಕ್ಕಿದರು. “ಸಕ್ಕರೆ?”

“ಇಲ್ಲ.”

“ಹಾಲು?”

“ಅದೂ ಇಲ್ಲ.”

“ಕಣ್ಣ ಚಾದ ಹಾಗೆಯೂ ಇಲ್ಲವಲ್ಲ ಇದು.” ಬಟ್ಟಲು ಕೆಳಗಿಡಲಿಲ್ಲ. ಎರಡನೆಯ ಗುಟುಕು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕುಡಿದ ಮೇಲೆ ಗಂಟಲಲ್ಲಿ ಸಿಹಿ ಬರ್ತದೆ” ಎಂದರು, “ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ.”

ಚೀನೀಯರ ಭಾಷೆಯಲ್ಲಿ ಇದಕ್ಕೆ ‘ಹುಯಿಗಾನ್’ ಎಂಬ ಶಬ್ದವೇ ಇದೆ, ತಿರುಗಿ ಬರುವ ಸಿಹಿ ಎಂದು. ಅದನ್ನು ನನಗೆ ಅರ್ಥಮಾಡಿಸಲು ಭಾವ ಅರ್ಧ ಗಂಟೆ ಒದ್ದಾಡಿದ್ದ. ನೆಲ್ಲಿಕಾಯಿ ಅವನಿಗೆ ಹೊಳೆದಿರಲಿಲ್ಲ.

ಮನೆಯಲ್ಲಿ ಮಾಡುವುದಾದರೆ
*ಗೈವಾನ್ ಇಲ್ಲದಿದ್ದರೆ ಅಗಲ ಬಾಯಿಯ ಪಿಂಗಾಣಿ ಕಪ್ಪು ಸಾಕು, ಸಾಸರೇ ಮುಚ್ಚಳ. 100 ಮಿ.ಲೀ. ನೀರಿಗೆ 5 ಗ್ರಾಂ ಎಲೆ. ಬೇಕಾದ್ದು ಬಿಡಿ ಎಲೆಯ ಚಾ, ಸಿ.ಟಿ.ಸಿ. ಪುಡಿ ಕ್ಷಣದಲ್ಲೇ ಕಹಿಯಾಗುತ್ತದೆ. ಊಲಾಂಗಿಗೂ ಕಪ್ಪು ಚಾಕ್ಕೂ ಕುದಿದ ನೀರು. ಹಸಿರು ಚಾಕ್ಕೆ ಕುದಿ ಇಳಿದು ಸುಮಾರು 80 ಡಿಗ್ರಿಗೆ ಬಂದದ್ದು. ನೀಲಗಿರಿ, ಡಾರ್ಜಿಲಿಂಗಿನ ಬಿಡಿ ಎಲೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ.*

ಘಟ್ಟದ ಮೇಲೆ ಗಿಡ, ಕೆಳಗೆ ಕಷಾಯ

ಚಾ ಗಿಡ ನೋಡಲು ನಾವು ಅಸ್ಸಾಮಿಗೆ ಹೋಗಬೇಕಾಗಿಲ್ಲ. ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಕೊಟ್ಟಿಗೆಹಾರ. ಅಲ್ಲಿಂದ ಚಿಕ್ಕಮಗಳೂರು ಜಿಲ್ಲೆಯ ಕಾಫಿಯ ನಡುವೆಯೇ ಕೆಲಗೂರು ಟೀ ಎಸ್ಟೇಟು ಇದೆ, ಕಳಸದ ಬಳಿ ಸಂಸೆಯಲ್ಲೂ ಟೀ ತೋಟ ಉಂಟು. ಮಂಜಿನಲ್ಲಿ ಬಾಚಣಿಗೆ ಹಾಕಿ ಬಾಚಿದಂತೆ ಕಾಣುವ ಹಸಿರು ಗುಡ್ಡಗಳು. ಬೆಳ್ತಂಗಡಿ ತಾಲ್ಲೂಕಿನ ಮೇಲ್ಗಡೆಯೇ ಅದು ಬೆಳೆಯುತ್ತದೆ, ಕೆಳಗಿನ ನಮ್ಮಲ್ಲಿ ಹೆಚ್ಚಿನವರು ಗಿಡವನ್ನೇ ಕಂಡಿಲ್ಲ.

ಎಲೆ, ತೊಗಟೆಗಳಿಂದ ಗುಣ ತೆಗೆಯುವ ವಿದ್ಯೆ ನಮಗೆ ಗೊತ್ತಿಲ್ಲದ್ದೇನಲ್ಲ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ತೊಗಟೆ ತಂದು ಮಾಡುವ ಕಷಾಯ, ತುಳುವಿನ ಪಾಲೆ ಕೆತ್ತೆಯ ಕಷಾಯ, ಬಂಟ್ವಾಳ–ಬೆಳ್ತಂಗಡಿ–ಮೂಡುಬಿದಿರೆಗಳಲ್ಲಿ ಇಂದಿಗೂ ತಪ್ಪಿಲ್ಲ. ಸೂರ್ಯ ಹುಟ್ಟುವ ಮೊದಲೇ ಹೋಗಬೇಕು. ಕತ್ತಿ ಮುಟ್ಟಿಸಬಾರದು, ಕಲ್ಲಿನಿಂದ ಜಜ್ಜಿಯೇ ತೊಗಟೆ ಎಬ್ಬಿಸಬೇಕು. ಅರೆದು ಹಿಂಡಿದ ರಸಕ್ಕೆ ಒಳ್ಳೆಮೆಣಸು, ಬೆಳ್ಳುಳ್ಳಿ, ಓಮ. ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಅದರೊಳಗೆ ಹಾಕಿದಾಗ ಚುಂಯ್ ಎಂದು ಹೊಗೆ ಏಳುತ್ತದೆ. ಕುಡಿದ ಮೇಲೆ ಮೈ ತಂಪಿಗೆ ಮೆಂತೆ ಗಂಜಿ. ಮರ ಗುರುತಿಸಲು ಬಲ್ಲವರೇ ಬೇಕು, ಕತ್ತಲಲ್ಲಿ ಬೇರೆ ಮರದ ತೊಗಟೆ ತಂದರೆ ಪ್ರಾಣಕ್ಕೆ ಕುತ್ತು.

ಇದರಲ್ಲಿ ಹೊತ್ತು, ಪಾತ್ರೆ, ಬಿಸಿ ಎಲ್ಲಕ್ಕೂ ಲೆಕ್ಕ ಇದೆ. ಲೋಹ ತಾಗಬಾರದೆಂಬ ಎಚ್ಚರ ಇದೆ. ಪಿಂಗಾಣಿ ಬಟ್ಟಲು ಹಿಡಿದ ಫುಜಿಯನ್ನಿನ ಮುದುಕ ಇದನ್ನು ನೋಡಿದರೆ ತಲೆಯಾಡಿಸುತ್ತಿದ್ದ. ಗೈವಾನಿನ ವಿದ್ಯೆ ನಮಗೆ ಪರಕೀಯ ಎಂದು ನನಗೆ ಅನಿಸದೇ ಇರುವುದು ಅದಕ್ಕೇ. ವರ್ಷಕ್ಕೊಮ್ಮೆ ಹಾಲೆ ಮರಕ್ಕೆ ಕೊಡುವ ಗಮನವನ್ನು ದಿನಕ್ಕೊಮ್ಮೆ ಒಂದು ಚಿಟಿಕೆ ಎಲೆಗೆ ಕೊಟ್ಟರಾಯಿತು.

ಐದನೆಯ ಬಸಿತ ಆಗುವಾಗ ಮಳೆ ಸ್ವಲ್ಪ ಹೊಳವಾಯಿತು. ದೊಡ್ಡಮ್ಮ ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿ ಬಂದರು. ಆರನೆಯದು ತಿಳಿಯಾಗಿತ್ತು. ಏಳನೆಯದರ ಹೊತ್ತಿಗೆ ಬಣ್ಣವೇ ಇಲ್ಲ, ಸಿಹಿ ಮಾತ್ರ ಉಳಿದಿತ್ತು. “ಇದು ಇನ್ನು ನೀರೇ” ಎಂದರು. ಅದನ್ನೂ ಪೂರ್ತಿ ಕುಡಿದರು.

ಮುಚ್ಚಳ ತೆಗೆದಿಟ್ಟೆ. ಶುರುವಿಗೆ ಬಟ್ಟಲಿನ ತಳದಲ್ಲಿ ಅಷ್ಟೇ ಇದ್ದ ಕಾಳುಗಳು ಈಗ ಅಂಚಿನವರೆಗೆ ಉಬ್ಬಿ ನಿಂತಿದ್ದವು. ದೊಡ್ಡಮ್ಮ ಎರಡು ಬೆರಳು ಹಾಕಿ ಒಂದನ್ನು ಮೇಲೆತ್ತಿದರು. ದಂಟಿಗೆ ಅಂಟಿಕೊಂಡ ಎರಡೆಲೆ. ಎಡಗೈಯ ಅಂಗೈ ಮೇಲೆ ಹರವಿ, ಮಡಿಕೆಗಳನ್ನು ಉಗುರಿನಿಂದ ಬಿಡಿಸಿದರು. ಮೆಣಸು, ವೀಳ್ಯದೆಲೆ, ಅಡಿಕೆ ಹಾಳೆ, ಬಸಳೆ ಎಲ್ಲವನ್ನೂ ಮುಟ್ಟಿ ಪಳಗಿದ ಕೈ ಅದು. ಅಂಚಿನ ಸಣ್ಣ ಗರಗಸದ ಹಲ್ಲುಗಳ ಮೇಲೆ ಹೆಬ್ಬೆರಳು ಓಡಿಸಿದರು. ಎಲೆಯ ನಡು ಹಸಿರಾಗಿಯೇ ಇತ್ತು, ಅಂಚು ಕೆಂಪು.

“ಸುತ್ತ ಮಾತ್ರ ಯಾಕೆ ಕೆಂಪು?”

“ಕೊಯ್ದ ಮೇಲೆ ಬುಟ್ಟಿಯಲ್ಲಿ ಹಾಕಿ ಕುಲುಕ್ತಾರಂತೆ. ಅಂಚು ಜಜ್ಜಿಹೋಗಿ ಗಾಳಿ ತಾಗಿ ಕೆಂಪಾಗ್ತದೆ. ಸಾಕು ಅನಿಸಿದಾಗ ಬಿಸಿ ಬಾಣಲೆಗೆ ಹಾಕಿ ನಿಲ್ಲಿಸ್ತಾರೆ.”

ಅವರು ಹೂಂ ಎನ್ನಲಿಲ್ಲ. ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನರಗಳನ್ನು ನೋಡುತ್ತಿದ್ದರು.

“ಈ ಮನೆಗೆ ಬಂದು ಅರುವತ್ತು ವರ್ಷ ಆಯ್ತು” ಎಂದರು. “ದಿನಕ್ಕೆ ಎರಡು ಹೊತ್ತು ಚಾ ಕಾಯಿಸಿದ್ದೇನೆ. ಚಾದ ಎಲೆ ನೋಡಿದ್ದು ಇವತ್ತು.”

ಉಳಿದ ಎಲೆಯನ್ನೆಲ್ಲ ಮಲ್ಲಿಗೆ ಗಿಡದ ಬುಡಕ್ಕೆ ಹಾಕಿ ಬಂದರು. ಅದೊಂದನ್ನು ಮಾತ್ರ ಕಿಟಕಿಯ ದಳಿಯ ಮೇಲೆ, ಒಣಗಲೆಂದು, ಬಿಡಿಸಿ ಇಟ್ಟರು.